ಸೊನ್ನೆ ಸೊನ್ನೆ ನಂಬರಿನ ವಾಲ್ವ್

ದೋಹಾದ ವಿಮಾನ ನಿಲ್ದಾಣದಿಂದ ಹೊರಟ ಪಿಕಪ್ಪು ಉಮ್ ಸಿದ್ರ ಊರಿನ ದವಾಖಾನೆ ರಸ್ತೆಗೆ ತಿರುಗುವವರೆಗೂ ತನಿಯನ ಬಾಯಿ ನಿಂತಿರಲಿಲ್ಲ. ಕೊರೊನಾದಿಂದಾಗಿ ಮೂರು ವರ್ಷ ಊರಿನ ಮುಖ ಕಾಣದವನು ನಲವತ್ತೈದು ದಿನ ರಜೆ ಹಾಕಿ ಕಿನ್ನಿಗೋಳಿಗೆ ಹೋಗಿ ಬಂದಿದ್ದ; ಹೇಳಲು ಬೇಕಾದಷ್ಟಿತ್ತು. ಮಳೆ, ಮೀನಿನ ರೇಟು, ಹೆಂಡತಿ ಪೂವಕ್ಕನ ಮಂಡಿನೋವು ಎಲ್ಲವನ್ನೂ ಡ್ರೈವರ್ ಕಾಸ್ಮಿರನ ಕಿವಿಗೆ ತುಂಬುತ್ತ ಬಂದವನು, ರಸ್ತೆ ತಿರುಗಿದ್ದೇ ತಡ, ಅರ್ಧ ಮಾತಿನಲ್ಲಿ ಸುಮ್ಮನಾದ.

“ನಿಲ್ಲಿಸು ಮಾರಾಯ” ಎಂದ.

ರಸ್ತೆಯ ಎಡಕ್ಕೆ ಸಾಲಾಗಿ ನಿಂತ ನಲವತ್ತೊಂದು ಬೇವಿನ ಮರಗಳಲ್ಲಿ ಒಂದರಲ್ಲೂ ಹಸಿರಿರಲಿಲ್ಲ. ಎಲೆಗಳೆಲ್ಲ ಚಹಾಪುಡಿಯ ಬಣ್ಣಕ್ಕೆ ತಿರುಗಿ, ಅರ್ಧ ಉದುರಿ, ಉಳಿದರ್ಧ ಬಿಸಿಗಾಳಿಗೆ ಸರಸರ ಎನ್ನುತ್ತಿದ್ದವು. ತನಿಯ ಊರಿಗೆಂದು ಕೊಂಡಿದ್ದ ಹೊಸ ಬೂಟಿನಲ್ಲೇ ಇಳಿದು ಹೋಗಿ ಒಂದು ಕಡ್ಡಿ ಬಗ್ಗಿಸಿದ. ಪಟ್ಟೆಂದು ಮುರಿಯಿತು. ಉಗುರಿನಿಂದ ತೊಗಟೆ ಕೆರೆದು ನೋಡಿದ. ಒಳಗೂ ಒಣಗಿತ್ತು.

“ಈ ಸರ್ತಿ ಬಿಸಿಲು ಜಾಸ್ತಿ ಅಂತ ಎಲ್ಲ ಹೇಳ್ತಾ ಇದ್ರು ತನಿಯಣ್ಣ” ಎಂದ ಕಾಸ್ಮಿರ್, ಗಾಡಿಯ ಕಿಟಕಿಯಿಂದಲೇ.

“ಇಲ್ಲಿ ಬಿಸಿಲು ಕಮ್ಮಿ ಇದ್ದದ್ದು ಯಾವ ವರ್ಷ? ನೀರು ಬಿಟ್ಟಿದ್ದಾರಾ ಅಂತ ಕೇಳು ಮೊದಲು!”

ಆ ಮರಗಳನ್ನು ನೆಟ್ಟವನು ತನಿಯನೇ. ಇಪ್ಪತ್ತಾರು ವರ್ಷದ ಹಿಂದೆ, ಕಂಪನಿಯೊಂದರ ಕೂಲಿಯಾಗಿ ಬಂದು ಈ ಊರಿನ ಬಲದಿಯಾಕ್ಕೆ, ಅಂದರೆ ನಗರಸಭೆಗೆ, ದುಡಿಯಲು ಸೇರಿದ ಮೊದಲ ಚಳಿಗಾಲದಲ್ಲಿ, ಮೊಣಕಾಲುದ್ದದ ಸಸಿಗಳನ್ನು ಗುಂಡಿಗಿಳಿಸಿದ್ದ. ಈಗ ರಾಸ್ ಲಫಾನಿನ ಗ್ಯಾಸ್ ಕಾರ್ಖಾನೆಗೆ ಪಾಳಿಗೆ ಹೋಗುವ ಕೆಲಸಗಾರರು ಬಸ್ಸು ಕಾಯುವುದು ಅದೇ ನೆರಳಿನಲ್ಲಿ. ಆ ಊರಿನಲ್ಲಿ ದುಡ್ಡು ಕೊಡದೆ ಸಿಗುವ ನೆರಳು ಅದೊಂದೇ ಎಂದು ತನಿಯ ಜಂಬದಿಂದ ಹೇಳಿಕೊಳ್ಳುತ್ತಿದ್ದ. ಜಂಬ ಸ್ವಲ್ಪ ಜಾಸ್ತಿಯೇ ಇತ್ತು ಅವನಿಗೆ. ಆದರೆ ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ಮರಳಿನ ಊರಿನಲ್ಲಿ ಮರ ತಾನಾಗಿ ಬದುಕುವುದಿಲ್ಲ. ಚರಂಡಿಯ ನೀರನ್ನೇ ಶುದ್ಧ ಮಾಡಿ, ನೆಲದಡಿಯ ಕೊಳವೆಗಳಲ್ಲಿ ತಂದು, ದಿನ ಬಿಟ್ಟು ದಿನ ಬೆಳಗಿನ ಜಾವ ಒಂದೊಂದು ಸಾಲಿಗೂ ಬಿಡಬೇಕು. ಹಾಗೆ ಬಿಡಲು ಊರಿನಲ್ಲಿ ಒಟ್ಟು ನೂರ ಎಂಬತ್ತು ವಾಲ್ವ್‌ಗಳಿದ್ದವು. ಒಂದೊಂದೂ ರಸ್ತೆಯಂಚಿನ ಗುಂಡಿಯಲ್ಲಿ, ಕಬ್ಬಿಣದ ಮುಚ್ಚಳದ ಕೆಳಗೆ. ಮುಚ್ಚಳದ ಮೇಲೆ ಅರಬಿಯಲ್ಲಿ ನಂಬರು. ಸೊಂಟದೆತ್ತರದ ಕಬ್ಬಿಣದ ಚಾವಿ ಇಳಿಬಿಟ್ಟು ಯಾವುದನ್ನು ಎಷ್ಟು ಸುತ್ತು ತಿರುಗಿಸಬೇಕು, ಯಾವುದು ಹಟ ಮಾಡುತ್ತದೆ, ಯಾವುದಕ್ಕೆ ಒಂದು ಸುತ್ತು ಹಿಂದೆ ಬರಬೇಕು ಎನ್ನುವುದೆಲ್ಲ ತನಿಯನ ಕೈಗೆ ಗೊತ್ತಿತ್ತು. ಗೊತ್ತಿದ್ದದ್ದನ್ನು ಅವನು ಒಂದು ಉದ್ದ ಪುಸ್ತಕದಲ್ಲಿ ಕನ್ನಡದಲ್ಲಿ ಬರೆದಿಟ್ಟಿದ್ದ, ಅಂಕಿಗಳು ಕೂಡ ಕನ್ನಡದವೇ. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೆ ಬರುತ್ತಿದ್ದ ಬರಹ ಅದೊಂದೇ.

ಫುಟ್‌ಬಾಲ್ ವರ್ಲ್ಡ್ ಕಪ್ಪು ಹತ್ತಿರ ಬಂದಂತೆ ಆ ಸಣ್ಣ ಊರಿಗೂ ಹುರುಪು ಬಂತು. ಇಂಟರ್‌ಲಾಕ್ ಕಿತ್ತು ಹೊಸತು ಹಾಕು, ದೀಪದ ಕಂಬಕ್ಕೆ ಬಣ್ಣ ಬಳಿ, ಕಡಲಂಚಿಗೆ ದೊಡ್ಡ ಪರದೆ ನಿಲ್ಲಿಸು. ಎಲ್ಲವೂ ನವೆಂಬರ್ ಇಪ್ಪತ್ತರೊಳಗೆ. ಅದರ ಜೊತೆಗೇ ತನಿಯನ ಪುಸ್ತಕವನ್ನು ಕಂಪ್ಯೂಟರಿಗೆ ಹಾಕಬೇಕೆಂದು ಆಯಿತು. ಅರವತ್ತು ದಾಟಿದ ಮನುಷ್ಯ, ನಾಳೆ ಊರಿಗೆ ಹೊರಟರೆ ಚಾವಿ ಹಿಡಿಯುವವರು ಯಾರನ್ನು ಕೇಳುವುದು? ಕನ್ನಡ ಓದಬಲ್ಲವರೇ ಬೇಕಿತ್ತು. ಸಲಹೆಗಾರ ಕಂಪನಿಯೊಂದು ಮೈಸೂರಿನ ಆಶ್ರಿತಾ ಎಂಬ ಎಂಜಿನಿಯರ್ ಹುಡುಗಿಯನ್ನು ಕಳಿಸಿತು. ದೋಹಾ ಪಕ್ಕದ ಐನ್ ಖಾಲಿದ್‌ನಿಂದ ದಿನಾ ಕಂಪನಿಯ ವ್ಯಾನಿನಲ್ಲಿ ಬರುತ್ತಿದ್ದಳು. ಜೂನ್ ಪೂರ್ತಿ ಪುಸ್ತಕ ಮುಂದಿಟ್ಟುಕೊಂಡು ಕೂತಳು. ಜುಲೈಯಲ್ಲಿ ತನಿಯ ರಜೆಗೆ ಹೋದ. ಅಂದಿನಿಂದ ಹೊಸ ಕೆಲಸಗಾರರು ಕಂಪ್ಯೂಟರ್ ಕೊಟ್ಟ ಹಾಳೆ ನೋಡಿ ನೀರು ಬಿಡತೊಡಗಿದರು. ಹಾಳೆಯಲ್ಲಿದ್ದ ವಾಲ್ವ್ ತೆಗೆಯುವುದು, ಇಲ್ಲದ್ದನ್ನು ಮುಟ್ಟದಿರುವುದು.

ಮರುದಿನ ಗುರುವಾರ. ಬೆಳಗಿನ ಮೀಟಿಂಗಿನಲ್ಲಿ ಹನ್ನೆರಡು ಜನ ಕೂತಿದ್ದರು. ತನಿಯ ಮುರಿದ ಕಡ್ಡಿಯನ್ನು ತಂದು ಮೇಜಿನ ಮೇಲಿಟ್ಟ.

“ನೋಡಿ ಸಾರ್, ನಿಮ್ಮ ಕಂಪ್ಯೂಟರ್ ಮಾಡಿದ ಕೆಲಸ.”

ವಿಭಾಗದ ಎಂಜಿನಿಯರ್ ಗಿರಿಧರ್ ಬೆಂಗಳೂರಿನವರು. ಸಂಸಾರ ಅಲ್ ರಯ್ಯಾನಿನಲ್ಲಿ, ರಕ್ತದೊತ್ತಡ ಆಫೀಸಿನಲ್ಲಿ. ಅವರು ಲ್ಯಾಪ್‌ಟಾಪಿನಲ್ಲಿ ಪಟ್ಟಿ ತೆಗೆದು ನೋಡಿದರು. ದವಾಖಾನೆ ರಸ್ತೆಯ ಸಾಲಿಗೆ ನೀರು ಬಿಡುವ ವಾಲ್ವ್ ಯಾವುದೆಂದು ಕೇಳಿದರು.

“ಐವತ್ತೈದು” ಎಂದ ತನಿಯ.

“ಐವತ್ನಾಲ್ಕಿದೆ. ಐವತ್ತಾರಿದೆ. ಐವತ್ತೈದೇ ಇಲ್ವಲ್ರೀ!”

“ಇಲ್ಲದಿದ್ದರೆ ಅವರೇ ಬಿಟ್ಟಿದ್ದು. ಇಪ್ಪತ್ತಾರು ವರ್ಷ ನನ್ನ ಬುಕ್ಕಲ್ಲಿ ಒಂದು ತಪ್ಪಿಲ್ಲ. ಮೇಡಂ ಎ.ಸಿ.ಯಲ್ಲಿ ಕೂತು ಟೈಪ್ ಮಾಡಿದ್ದು. ಕಂಪ್ಯೂಟರಿಗೆ ಎಂತ, ಬಾಯಾರಿಕೆ ಆಗ್ತದಾ?”

ಎಲ್ಲರೂ ನಕ್ಕರು. ಮೂಲೆಯಲ್ಲಿದ್ದ ಆಶ್ರಿತಾಳ ಮುಖ ಕೆಂಪಾಯಿತು. ಏನೋ ಹೇಳಲು ಬಾಯಿ ತೆರೆದವಳು ತನಿಯನ ಮುಖ ನೋಡಿ ಸುಮ್ಮನಾದಳು. ಗಿರಿಧರ್ ಬೇಸರದಿಂದ ಲ್ಯಾಪ್‌ಟಾಪ್ ಮುಚ್ಚಿ, ಭಾನುವಾರ ಆಫೀಸು ತೆರೆದ ಕೂಡಲೇ ಅವಳ ಕಂಪನಿಗೆ ಬರೆಯುತ್ತೇನೆ, ಬೇರೆಯವರನ್ನು ಕಳಿಸಲಿ ಎಂದರು. ಅವಳ ವೀಸಾ ಇದ್ದದ್ದು ಈ ಕೆಲಸದ ಮೇಲೆ. ಇಲ್ಲಿಂದ ತೆಗೆದರೆ ಕಂಪನಿ ನೇರ ಮೈಸೂರಿಗೇ ಕಳಿಸುವುದು ಎಂದು ಕೂತವರೆಲ್ಲರಿಗೂ ಗೊತ್ತಿತ್ತು.

ತನಿಯನಿಗೆ ಅದರಿಂದೇನೂ ನೋವಾಗಲಿಲ್ಲ. ಮರದ ಸಂಕಟಕ್ಕಿಂತ ಹೆಚ್ಚಾಗಿ ಒಳಗೊಂದು ಖುಷಿಯೇ ಆಯಿತು ಎಂದರೂ ಸರಿಯೇ. ಪುಸ್ತಕವನ್ನು ಕಂಪ್ಯೂಟರಿಗೆ ಹಾಕುವ ಮಾತು ಬಂದ ದಿನದಿಂದ ತನ್ನ ಕೈಯಿಂದ ಯಾರೋ ಏನನ್ನೋ ಕಿತ್ತುಕೊಳ್ಳುತ್ತಿದ್ದಾರೆ ಎಂದು ಅವನಿಗೆ ಅನ್ನಿಸುತ್ತಿತ್ತು. ಈಗ ಕಿತ್ತುಕೊಂಡವರ ಕೈ ಸುಟ್ಟಿತ್ತು.

ಮಧ್ಯಾಹ್ನ ಆಶ್ರಿತಾ ಸ್ಟೋರ್ ರೂಮಿಗೆ ಬಂದಳು. ಕೈಯಲ್ಲಿ ಅವನ ಪುಸ್ತಕವಿತ್ತು.

“ತನಿಯಣ್ಣ, ಜಗಳಕ್ಕೆ ಬಂದಿಲ್ಲ ನಾನು. ಒಂದೇ ಒಂದು ಪುಟ ನೋಡಿ.”

ಮೊದಲ ಪುಟ ತೆರೆದು ಬೆರಳಿಟ್ಟಳು. ಬಣ್ಣಗೆಟ್ಟ ಹಾಳೆಯಲ್ಲಿ ಎಂಟೇ ಸಾಲು. ಐದನೆಯದರಲ್ಲಿ ಹೀಗಿತ್ತು: ‘೦೦. ದವಾಖಾನೆ ಬೇವು. ೧೪ ಸುತ್ತು.’

“ಜೂನಲ್ಲಿ ಕೇಳಿದ್ದೆ ನಿಮ್ಮನ್ನ. ಸೊನ್ನೆ ಸೊನ್ನೆ ಅಂತ ಒಂದಿದೆಯಲ್ಲಾ ಅಣ್ಣ, ಅದೇನು ಅಂತ. ನೀವು ಆ ಕಡೆ ಏಣಿ ಹತ್ತಿ ಬಲ್ಬ್ ಬದಲಾಯಿಸ್ತಿದ್ರಿ. ಅಲ್ಲಿಂದಲೇ ಹೇಳಿದ್ರಿ.”

ಹೇಳಿದ್ದು ತನಿಯನಿಗೆ ಆ ಗಳಿಗೆಯಲ್ಲಿ ಚೆನ್ನಾಗಿ ನೆನಪಾಯಿತು. ‘ಸೊನ್ನೆಗೆಲ್ಲ ಎಲ್ಲಿಯ ವಾಲ್ವ್ ಮಾರಾಯ್ರೆ, ಬಿಟ್ಟುಬಿಡಿ’ ಎಂದಿದ್ದ. ಕೆಳಗಿದ್ದವರು ನಕ್ಕಿದ್ದರು.

ಅವನು ಆ ಎರಡು ಸೊನ್ನೆಗಳನ್ನೇ ನೋಡುತ್ತ ನಿಂತ. ಕೈಬರಹ ತನ್ನದೇ. ಆಗ ಇನ್ನೂ ಇಲ್ಲಿಗೆ ಬಂದು ತಿಂಗಳಾಗಿರಲಿಲ್ಲ. ಅರಬಿಯ ಒಂದಕ್ಷರ ಗೊತ್ತಿಲ್ಲ. ಮುಚ್ಚಳ ಮುಚ್ಚಳಕ್ಕೂ ಹೋಗಿ ಬಗ್ಗಿ ನೋಡಿ, ತಿಳಿಯದ ಅಂಕಿಯನ್ನು ಸುಡಾನಿನ ಮೇಸ್ತ್ರಿಗೆ ತೋರಿಸಿ, ಅವನು ಬೆರಳು ಮಡಚಿ ಹೇಳಿದ ಲೆಕ್ಕವನ್ನು ಕನ್ನಡದಲ್ಲಿ ಬರೆದುಕೊಂಡಿದ್ದ. ಆದರೆ ದವಾಖಾನೆ ರಸ್ತೆಯ ಮುಚ್ಚಳದಲ್ಲಿದ್ದದ್ದು ಎರಡು ದುಂಡು ಸುತ್ತು, ನಮ್ಮ ಸೊನ್ನೆಯ ಹಾಗೆಯೇ. ಅದನ್ನು ಯಾರನ್ನು ಕೇಳುವುದು? ಸೊನ್ನೆ ಯಾರಿಗೆ ಗೊತ್ತಿಲ್ಲ? ಹಾಗೇ ಬರೆದುಕೊಂಡ. ಅರಬರಿಗೆ ದುಂಡು ಸುತ್ತೆಂದರೆ ಐದು, ಅವರ ಸೊನ್ನೆ ಬರೀ ಒಂದು ಚುಕ್ಕೆ ಎಂದು ಗೊತ್ತಾಗುವಷ್ಟರಲ್ಲಿ ಎರಡನೇ ಪುಟಕ್ಕೆ ಬಂದಾಗಿತ್ತು. ಮೊದಲ ಪುಟವನ್ನು ತಿರುಗಿ ನೋಡುವ ಅಗತ್ಯವೇ ಬೀಳಲಿಲ್ಲ. ಆ ಸಾಲಿಗೆ ದಿನ ಬಿಟ್ಟು ದಿನ ಅವನ ಕಾಲು ತಾನೇ ಹೋಗುತ್ತಿತ್ತು. ಗೊತ್ತಿಲ್ಲದ್ದನ್ನೆಲ್ಲ ಕೇಳಿ ಸರಿಯಾಗಿ ಬರೆದವನು, ಗೊತ್ತಿದೆ ಎಂದುಕೊಂಡದ್ದನ್ನು ಕೇಳದೆ ಕೆಟ್ಟಿದ್ದ.

“ತಪ್ಪು ನಂದೂ ಇದೆ” ಎಂದಳು ಆಶ್ರಿತಾ. “ಐವತ್ನಾಲ್ಕಾದ ಮೇಲೆ ಐವತ್ತಾರು ಬಂತಲ್ಲ, ಮಧ್ಯದ್ದು ಎಲ್ಲಿ ಅಂತ ಹುಡುಕಬೇಕಿತ್ತು. ಹಳೇ ವಾಲ್ವ್ ಇರ್ಬೇಕು, ತೆಗೆದುಹಾಕಿರ್ತಾರೆ ಅಂದ್ಕೊಂಡೆ.”

“ಇದನ್ನು ಬೆಳಿಗ್ಗೆಯೇ ಸಾರ್‌ಗೆ ಯಾಕೆ ಹೇಳಲಿಲ್ಲ ನೀವು?”

“ಅಷ್ಟು ಜನರ ಮುಂದೆ ನಿಮ್ಮ ಪುಸ್ತಕ ತೆಗೆದು ತೋರಿಸೋದಾ? ನನ್ನ ಕೈಲಾಗಲಿಲ್ಲ ಅಣ್ಣ.”

ಪುಸ್ತಕವನ್ನು ಅವನ ಕೈಗೇ ಕೊಟ್ಟು ಹೋದಳು. ತನಿಯನಿಗೆ ನಾಚಿಕೆಯಾಯಿತು. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಅವಳು ಅದಕ್ಕೂ ದಾರಿ ಬಿಡಲಿಲ್ಲ.

ಅಲ್ಲಿ ವಾರದ ರಜೆ ಶುಕ್ರವಾರ, ಶನಿವಾರ. ಶುಕ್ರವಾರ ಬೆಳಕು ಹರಿಯುವ ಹೊತ್ತಿಗೆ ಅವನೊಬ್ಬನೇ ಚಾವಿ ಹೆಗಲಿಗೇರಿಸಿ ನಡೆದುಹೋದ. ಮುಚ್ಚಳದ ಮೇಲೆ ಒಂದು ಗೇಣು ಮರಳು ಕೂತಿತ್ತು. ಗುಡಿಸಿದ. ಎರಡು ದುಂಡು ಸುತ್ತು ಕಂಡವು. ಹದಿನಾಲ್ಕು ಸುತ್ತು ತಿರುಗಿಸುವಷ್ಟರಲ್ಲಿ ಅಂಗಿ ಬೆನ್ನಿಗಂಟಿತು. ಕೊಳವೆ ಮೊದಲು ಗಾಳಿ ಉಗುಳಿ, ಕೆಮ್ಮಿ, ಆಮೇಲೆ ನೀರು ಬಿಟ್ಟಿತು. ಮರದ ಬುಡದ ಮರಳು ಅದನ್ನು ಕುಡಿಯುವ ಸದ್ದು ಕೇಳುತ್ತಿತ್ತು. ತನಿಯ ಕಲ್ಲಿನ ಮೇಲೆ ಕೂತು ಲೆಕ್ಕ ಹಾಕತೊಡಗಿದ.

ಪುಸ್ತಕ ಅವನ ಬಳಿಯೇ ಇತ್ತು. ಸೊನ್ನೆಗಳಿಗೆ ಒಂದೊಂದು ಗೀಟು ಎಳೆದರೆ ಐದಾಗುತ್ತಿತ್ತು, ಅವಳೊಬ್ಬಳನ್ನು ಬಿಟ್ಟರೆ ಯಾರಿಗೂ ತಿಳಿಯುತ್ತಿರಲಿಲ್ಲ. ಏನೂ ಮಾಡದೆ ಸುಮ್ಮನಿದ್ದರೂ ಆಗುತ್ತಿತ್ತು. ಅವನ ಕರಾರು ಅಕ್ಟೋಬರಿಗೆ ಮುಗಿಯುವುದಿತ್ತು; ನವೆಂಬರ್ ಡಿಸೆಂಬರ್ ಎರಡು ತಿಂಗಳು ಉಳಿಸಿಕೊಳ್ಳುವ ಕಾಗದ ಮುದೀರನ, ಅಂದರೆ ಬಲದಿಯಾದ ಮುಖ್ಯಸ್ಥನ, ಸಹಿಗೆ ಕಾದಿತ್ತು. ಹನ್ನೆರಡು ವರ್ಷದಿಂದ, ಕಪ್ಪು ಈ ದೇಶಕ್ಕೆ ಎಂದು ಕೂಗಿದ ದಿನದಿಂದ, ‘ಬರಲಿ, ಬರಲಿ’ ಎನ್ನುತ್ತ ಅವನು ಅಗೆದ ರಸ್ತೆಗಳೆಷ್ಟು, ನಿಲ್ಲಿಸಿದ ಕಂಬಗಳೆಷ್ಟು! ಆ ದೀಪಗಳೆಲ್ಲ ಒಟ್ಟಿಗೆ ಹತ್ತುವುದನ್ನು ನೋಡಿಯೇ ಊರಿಗೆ ಹೊರಡುವುದೆಂದು ಪೂವಕ್ಕನಿಗೆ ಹೇಳಿ ಬಂದಿದ್ದ. ಅದು ಬೇಕಿತ್ತು ಅವನಿಗೆ, ತುಂಬ ಬೇಕಿತ್ತು. ಎಲ್ಲಕ್ಕಿಂತ ಹೆಚ್ಚಾಗಿ, ‘ತನಿಯನ ಬುಕ್ಕಲ್ಲಿ ತಪ್ಪಿಲ್ಲ’ ಎನ್ನುವ ಮಾತು ಬೇಕಿತ್ತು.

ನೀರು ನಲವತ್ತೊಂದನೇ ಮರ ಮುಟ್ಟಿತು. ಸಾಲಿನ ಕೊನೆಗೆ, ಬಸ್ಸು ನಿಲ್ಲುವಲ್ಲಿದ್ದ ದೊಡ್ಡ ಬೇವು ಅದು. ಎಲ್ಲಕ್ಕಿಂತ ಮೊದಲು ನೆಟ್ಟದ್ದು. ಕೊಳವೆಯ ತುದಿಯಲ್ಲಿ ಇದ್ದುದರಿಂದ ಎಲ್ಲಕ್ಕಿಂತ ಹೆಚ್ಚು ಸೊರಗಿದ್ದೂ ಅದೇ. ಅದರ ಮೈ ಸವರಿ, ಹದಿನಾಲ್ಕು ಸುತ್ತು ಹಿಂದಕ್ಕೆ ತಿರುಗಿಸಿ ಮನೆಗೆ ಬಂದ.

ಭಾನುವಾರ ಮೀಟಿಂಗಿಗೆ ಪುಸ್ತಕ ಹಿಡಿದೇ ಹೋದ. ಗಿರಿಧರ್ ಕೂರುವ ಮೊದಲೇ ಎದ್ದು ನಿಂತ.

“ಸಾರ್, ಮೇಡಮ್ಮಿನ ಮೇಲೆ ಬರೆಯುವುದು ಬೇಡ. ತಪ್ಪು ನನ್ನ ಬುಕ್ಕಿನದ್ದು.”

ಪುಟ ತೋರಿಸಿದ. ಅರಬರ ಐದನ್ನು ತಾನು ಸೊನ್ನೆ ಎಂದು ಬರೆದದ್ದು, ಅವಳು ಕೇಳಿದ್ದು, ತಾನು ಏಣಿಯ ಮೇಲಿಂದ ತಮಾಷೆ ಮಾಡಿದ್ದು, ಒಂದನ್ನೂ ಬಿಡಲಿಲ್ಲ. ಗುರುವಾರ ನಕ್ಕಿದ್ದವರೆಲ್ಲರೂ ಅಲ್ಲೇ ಇದ್ದರು. ಇವತ್ತು ಯಾರೂ ನಗಲಿಲ್ಲ. ನಕ್ಕಿದ್ದರೇ ಸುಲಭವಾಗುತ್ತಿತ್ತೇನೋ.

ಗಿರಿಧರ್ ಪುಸ್ತಕವನ್ನು ಹತ್ತಿರಕ್ಕೆಳೆದು ಆ ಎರಡು ಸೊನ್ನೆಗಳನ್ನು ನೋಡಿದರು.

“ನೀವು ಸುಮ್ನೆ ಇದ್ದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ ಕಣ್ರೀ.”

“ಹೌದು ಸಾರ್.”

“ನಾನೀಗ ರಿಪೋರ್ಟಲ್ಲಿ ನಿಮ್ಮ ಹೆಸರು ಬರೀಬೇಕಾಗತ್ತೆ. ಹೆಸರು ಬರೆದ್ಮೇಲೆ ಮುದೀರ್ ಆ ಎಕ್ಸ್‌ಟೆನ್ಷನ್‌ಗೆ ಸಹಿ ಹಾಕಲ್ಲ. ಅಕ್ಟೋಬರ್‌ಗೆ ಖಲಾಸ್.”

“ಆಯ್ತು ಸಾರ್” ಎಂದ ತನಿಯ. ದೀಪ ಹತ್ತುವುದನ್ನು ನೋಡುವ ಆಸೆ ಅಲ್ಲಿಗೆ ಮುಗಿಯಿತು. ಆದರೆ ಕೂತಾಗ, ಮೂರು ದಿನದಿಂದ ಎದೆಯ ಮೇಲಿದ್ದ ಭಾರ ಇಳಿದದ್ದೂ ನಿಜ.

ಉಳಿದ ಎರಡು ತಿಂಗಳಲ್ಲಿ ನೂರ ಎಂಬತ್ತು ವಾಲ್ವ್‌ಗಳನ್ನೂ ಮತ್ತೊಮ್ಮೆ ನೋಡಬೇಕೆಂದು ಗಿರಿಧರ್ ಅಪ್ಪಣೆ ಮಾಡಿದರು. ತನಿಯನ ಕೈಯಲ್ಲಿ ಚಾವಿ, ಆಶ್ರಿತಾಳ ಕೈಯಲ್ಲಿ ಟ್ಯಾಬು, ಹಿಂದೆ ಕಾಸ್ಮಿರನ ಪಿಕಪ್ಪು. ಬೆಳಿಗ್ಗೆ ಐದಕ್ಕೆ ಶುರು, ಹತ್ತು ಗಂಟೆಗೆ ಬಿಸಿಲಿಗೆ ಹೆದರಿ ಮುಕ್ತಾಯ. ಮೊದಮೊದಲು ಅವಳು ನಂಬರು ಕೇಳುವುದು, ಇವನು ಹೇಳುವುದು, ಅಷ್ಟೇ ಇತ್ತು. ಮೂರನೇ ದಿನ ಅವಳು ಮುಚ್ಚಳವನ್ನು ಗುಡಿಸಿ, ಎಲ್ಲರಿಗೂ ಕಾಣುವ ಹಾಗೆ ಬರೆದಿದ್ದ ನಂಬರಿನ ಮೇಲೆ ಬೆರಳಿಟ್ಟು, “ಇದೇನಣ್ಣ, ಒಂದಾ?” ಎಂದಳು.

“ಒಂದೇ. ಅದೂ ಗೊತ್ತಿಲ್ವಾ?”

“ಗೊತ್ತಿದೆ. ಆದ್ರೂ ಕೇಳ್ತಿದ್ದೀನಿ.”

ತನಿಯ ಮೊದಲು ಗುರ್ ಎಂದು ನೋಡಿದ. ಆಮೇಲೆ ಪಿಕಪ್ಪಿಗೊರಗಿ ನಕ್ಕ. ಅಂದಿನಿಂದ ಅದೇ ಅವರ ಆಟವಾಯಿತು. ಚಹಾ ತರುವ ಮುಂಚೆ ಕಾಸ್ಮಿರನೂ, “ಸಕ್ಕರೆ ಹಾಕುವುದಲ್ವಾ? ಗೊತ್ತುಂಟು, ಆದ್ರೂ ಕೇಳುವುದು” ಎನ್ನತೊಡಗಿದ.

ಬೇರೆ ತಪ್ಪು ಒಂದೂ ಸಿಗಲಿಲ್ಲ. ಅದನ್ನು ಆಶ್ರಿತಾಳೇ ರಿಪೋರ್ಟಿನಲ್ಲಿ ಬರೆದಳು. ಮುದೀರ್ ಮನಸ್ಸು ಬದಲಾಗಲಿಲ್ಲ.

ಬೇವುಗಳಿಗೆ ಇಬ್ಬರೂ ದಿನ ಬಿಟ್ಟು ದಿನ ಹೋಗುತ್ತಿದ್ದರು. ಸೆಪ್ಟೆಂಬರ್ ನಡುವಿನಲ್ಲಿ ಒಂದು ಮರದ ಕಾಂಡದಲ್ಲೇ, ಕೊಂಬೆಯೂ ಅಲ್ಲದ ಜಾಗದಲ್ಲಿ, ಉಗುರಿನಷ್ಟು ಕೆಂಪು ಚಿಗುರು ಒಡೆಯಿತು. ತನಿಯನ ಕಣ್ಣಲ್ಲಿ ನೀರು ಬಂತು. ಮರಳು ಬಿತ್ತು ಎಂದು ಉಜ್ಜಿಕೊಂಡ. ಆಮೇಲೆ ಒಂದರ ಹಿಂದೊಂದು ಚಿಗುರಿದವು. ಅಕ್ಟೋಬರ್ ಕೊನೆಗೆ ಎಣಿಸಿದರೆ ಮೂವತ್ತಾರು. ಐದು ಮಾತ್ರ ಬಾಯಿ ಬಿಡಲಿಲ್ಲ. ಬಸ್ಸು ನಿಲ್ಲುವಲ್ಲಿಯ ದೊಡ್ಡ ಮರವೂ ಅದರಲ್ಲಿತ್ತು. ಹೊರಡುವ ದಿನ ತನಿಯ ಅದರ ತೊಗಟೆ ಕೆರೆದು ನೋಡಿ, “ಇದು ಹೋಯಿತು, ಕಡಿಸಿಬಿಡಿ ಅಮ್ಮಾ, ಜನರ ಮೇಲೆ ಬೀಳಬಾರದು” ಎಂದ.

“ಕಪ್ಪು ಮುಗಿಯೋ ತನಕ ಇರ್ಲಿ ಅಣ್ಣ. ನೀರು ಹೇಗೂ ಬಿಡ್ತೀವಲ್ಲ” ಎಂದಳು ಆಶ್ರಿತಾ.

ನವೆಂಬರಿನ ಒಂದು ಮಧ್ಯಾಹ್ನ, ಕಿನ್ನಿಗೋಳಿಯ ಮನೆಯಲ್ಲಿ ಟಿವಿಯ ಮುಂದೆ ಅಕ್ಕಪಕ್ಕದವರೆಲ್ಲ ಸೇರಿದ್ದರು. ಕತಾರಿನಿಂದ ಬಂದವನ ಮನೆಯಲ್ಲೇ ಮ್ಯಾಚು ನೋಡಬೇಕೆಂದು ಅವರಿಗೆ. ‘ಆ ರೋಡು ನೀವು ಮಾಡಿದ್ದಾ? ಈ ಲೈಟು ನೀವು ಹಾಕಿದ್ದಾ?’ ಎಂದು ಕೇಳಿ ಕೇಳಿ ಸುಸ್ತು ಮಾಡುತ್ತಿದ್ದರು. ಉಮ್ ಸಿದ್ರವನ್ನು ಯಾವ ಕ್ಯಾಮೆರಾವೂ ತೋರಿಸಲಿಲ್ಲ. ತಾನು ಬಣ್ಣ ಬಳಿಯದ ಊರುಗಳ ದೀಪದ ಕಂಬ ನೋಡುತ್ತ ತನಿಯ ಹೂಂ ಹೂಂ ಎನ್ನುತ್ತಿದ್ದ. ಅವನಿಗೆ ಬೇಜಾರಿತ್ತು. ಪೂವಕ್ಕನಿಗೆ ಅದು ತಿಳಿದಿತ್ತು, ಅದಕ್ಕೇ ಎರಡನೇ ಸಲ ಚಹಾ ತಂದಳು.

ಆಗ ಫೋನು ಟಿಣ್ ಎಂದಿತು. ಆಶ್ರಿತಾ ಒಂದು ಫೋಟೋ ಕಳಿಸಿದ್ದಳು. ದವಾಖಾನೆ ರಸ್ತೆ. ಬೇವಿನ ಸಾಲು. ಕೊನೆಯಲ್ಲಿ ಬಸ್ಸು ನಿಂತಿದೆ. ಬಣ್ಣಬಣ್ಣದ ಅಂಗಿ ಹಾಕಿದ ಕೆಲಸಗಾರರು ಪಾಳಿ ಮುಗಿಸಿ ಮ್ಯಾಚಿಗೆ ಹೋಗಲು ನೆರಳಿನಲ್ಲಿ ಕಾಯುತ್ತಿದ್ದಾರೆ. ಕೆಳಗೆ ಬರೆದಿದ್ದಳು: ‘ಇವತ್ತು ೫೫ ತೆಗೆದೆವು, ೧೪ ಸುತ್ತು. ಕಂಪ್ಯೂಟರಿನಲ್ಲಿ ಬದುಕಿದ ಮರ ಎಷ್ಟು ಅಂತ ಹಾಕಬೇಕು. ೩೬ ಅಲ್ವಾ ಅಣ್ಣ? ಗೊತ್ತಿದೆ. ಆದ್ರೂ ಕೇಳ್ತಿದ್ದೀನಿ.’

ತನಿಯ ಕನ್ನಡಕ ಹುಡುಕಿ ಹಾಕಿಕೊಂಡ. ಫೋಟೋವನ್ನು ಎರಡು ಬೆರಳಿನಿಂದ ದೊಡ್ಡದು ಮಾಡಿ ಹಸಿರಾದವನ್ನು ಒಂದೊಂದೇ ಎಣಿಸಿದ. ಮೂವತ್ತಾರು ಬಂತು. ಮತ್ತೊಮ್ಮೆ ಎಣಿಸಿದ. ಬಸ್ಸಿನ ಮಾಡಿನ ಮೇಲೆ, ಹಿಂದೆ, ಬೊಗಸೆಯಷ್ಟು ಏನೋ ಕಂಡಿತು. ಒಂದೊಂದೇ ಅಕ್ಷರ ಒತ್ತಿ ಬರೆದ: ‘ಬಸ್ಸಿನ ಹಿಂದೆ ಹಸಿರು ಕಾಣುವುದು ಎಂತದ್ದು ಅಮ್ಮಾ?’

ಟಿವಿಯಲ್ಲಿ ಗೋಲಾಯಿತು. ಮನೆಯೆಲ್ಲ ಎದ್ದು ಕುಣಿಯಿತು. ಯಾರೋ ಅವನ ಹೆಗಲು ಹಿಡಿದು ಅಲುಗಾಡಿಸಿದರು. ತನಿಯ ಫೋನಿನಿಂದ ಕಣ್ಣು ತೆಗೆಯಲಿಲ್ಲ. ಅವಳು ನಡೆದುಹೋಗಿ ನೋಡಿ ಬರಲು ಎಷ್ಟು ಹೊತ್ತು ಬೇಕೆಂದು ಅವನ ಕಾಲಿಗೆ ಗೊತ್ತಿತ್ತು.

ಅಷ್ಟೇ ಹೊತ್ತಿಗೆ ಸರಿಯಾಗಿ ಉತ್ತರ ಬಂತು.

‘೩೭.’